ದೊರೆ ಯಾನೆ ಸುಲ್ತಾನ್ ವಿಮಾನ ಹತ್ತಿದ್ದು

ನಮ್ಮ ಮನೆಯಿಂದ ಅತಿ ಹೆಚ್ಚು ಸಲ ಎರವಲು ಹೋಗಿ ಬಂದ ಸಾಮಾನು ಯಾವುದು ಎಂದು ಯಾರಾದರೂ ಕೇಳಿದ್ದರೆ, ಮೊದಲೆಲ್ಲ ನಾನು ಇಡ್ಲಿ ಬೇಯಿಸುವ ದೊಡ್ಡ ಅಟ್ಟಿನಳಗೆಯ ಹೆಸರು ಹೇಳುತ್ತಿದ್ದೆ. ಈಗ ಆ ಪಟ್ಟವನ್ನು ಒಂದು ನೀಲಿ ಚೀಲ ಕಿತ್ತುಕೊಂಡಿದೆ. ಮೂರು ಬದಿಗೆ ಬಲೆ, ಮೇಲೆ ಜಿಪ್ಪು, ಒಳಗೊಂದು ತೆಳು ಹಾಸು. ಹಿಡಿಕೆಯಲ್ಲಿ ವಿಮಾನದವರು ಕಟ್ಟಿದ ಚೀಟಿಯ ತುಂಡು ಇನ್ನೂ ನೇತಾಡುತ್ತಿದೆ. ಅದನ್ನು ಕತ್ತರಿಸಲು ನನಗೆ ಮನಸ್ಸಿಲ್ಲ. ಕಳೆದ ವಾರ ಮಧೂರಿನ ಕಡೆಯ ಹೆಂಗಸೊಬ್ಬರು ಈ ಚೀಲ ಕೇಳಿಕೊಂಡು ಬಂದರು. ಮಗಳು ಸಾಕಿದ ಪುಟ್ಟ ನಾಯಿಯನ್ನು ಹೈದರಾಬಾದಿಗೆ ಒಯ್ಯಬೇಕಂತೆ.

"ವಿಮಾನದಲ್ಲಿ ಬೆಕ್ಕು ತೆಕ್ಕೊಂಡು ಹೋದವರು ನೀವೇ ಅಲ್ವಾ?" ಎಂದು ಅವರು ಅಂಗಳಕ್ಕೆ ಕಾಲಿಡುವ ಮೊದಲೇ ಕೇಳಿದರು.

ಅವರಿಗೆ ಬೇಕಾಗಿದ್ದದ್ದು ಚೀಲ ಒಂದೇ. ನಾನು ಕೊಟ್ಟದ್ದು ಚೀಲ, ಚಹಾ, ಮತ್ತು ಒಂದೂವರೆ ಗಂಟೆಯ ಕಥೆ. ಕೆಳಗೆ ರಸ್ತೆಯಲ್ಲಿ ಅವರ ಆಟೋದವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ. ನಿಮ್ಮ ಆಟೋ ಏನೂ ಕಾಯುತ್ತಿಲ್ಲ ತಾನೇ? ಹಾಗಾದರೆ ನೀವೂ ಕೂತುಕೊಳ್ಳಿ.

ನಮ್ಮ ಮನೆ ಇರುವುದು ನಾಯ್ಮಾರ್ಮೂಲೆ ಪೇಟೆಯಿಂದ ಸ್ವಲ್ಪ ಒಳಗೆ, ಗುಡ್ಡದ ಮೈಯಲ್ಲಿ. ರಸ್ತೆಯಿಂದ ಅಂಗಳಕ್ಕೆ ಕೆಂಪುಕಲ್ಲಿನ ಮೆಟ್ಟಿಲುಗಳು. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ ಮತ್ತು ಅತ್ತೆಯ ಬೆಕ್ಕು. ಅತ್ತೆಗೆ ಎಪ್ಪತ್ತೆಂಟು. ಒಂದು ಕಾಲದಲ್ಲಿ ಮಧೂರಿನ ದೇವಸ್ಥಾನಕ್ಕೆ ನಡೆದೇ ಹೋಗಿ, ನಡೆದೇ ಬಂದು, ಬಂದ ಕೂಡಲೇ ದೋಸೆಗೆ ಅಕ್ಕಿ ಕಡೆಯುತ್ತಿದ್ದವರು. ಬಲಗಾಲಿನ ಮಂಡಿ ಸವೆಯುತ್ತ ಬಂದು, ಕೊನೆಗೆ ಆ ಮೆಟ್ಟಿಲುಗಳೇ ಅವರಿಗೆ ಜೈಲಿನ ಗೋಡೆಯಾದವು. ಒಂದೂವರೆ ವರ್ಷ ಅವರು ರಸ್ತೆಗೆ ಇಳಿದದ್ದು ಎರಡೇ ಸಲ, ಎರಡು ಸಲವೂ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು. ಎರಡನೆಯ ಸಲ ಇಳಿಸುವಾಗ, ಯಾರೂ ನೋಡದ ಹಾಗೆ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಅದನ್ನು ಕಂಡ ಮೇಲೆ ನನಗೆ ಮಂಡಿಯ ಆಪರೇಷನ್ ಮಾಡಿಸದೆ ಬಿಡುವುದಿಲ್ಲ ಎಂಬ ಹಟ ಹುಟ್ಟಿತು.

ಅತ್ತೆಯ ಮಗಳು ವಿದ್ಯಾ ಮುಂಬಯಿಯಲ್ಲಿ ಫಿಸಿಯೋಥೆರಪಿಸ್ಟ್. ಅವಳ ಆಸ್ಪತ್ರೆಯಲ್ಲೇ ಆಪರೇಷನ್, ಆಮೇಲೆ ಆರು ತಿಂಗಳು ಅವಳ ಮನೆಯಲ್ಲೇ ಇದ್ದು ಅವಳ ಕೈಯಲ್ಲೇ ವ್ಯಾಯಾಮ, ಲಿಫ್ಟ್ ಇರುವ ಕಟ್ಟಡ, ಎಲ್ಲ ಸಿದ್ಧವಿತ್ತು. ಅತ್ತೆ ಮಾತ್ರ ಸಿದ್ಧರಿರಲಿಲ್ಲ. ಮೊದಲನೆಯ ಸಲ ದಿನ ನಿಗದಿಯಾದಾಗ ಮಾವಿನಮಿಡಿ ಉಪ್ಪಿನಲ್ಲಿ ಹಾಕಿಯಾಗಿದೆ, ಅದನ್ನು ಬಿಟ್ಟು ಬರುವುದು ಹೇಗೆ ಎಂದರು. ಎರಡನೆಯ ಸಲ ಆಟಿ ತಿಂಗಳು, ಒಳ್ಳೆಯ ಕೆಲಸಕ್ಕೆ ಆಗುವುದಿಲ್ಲ ಎಂದರು. ಮೂರನೆಯ ಸಲ ನೆಪ ಮುಗಿದಿತ್ತು. ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ನಿಜ ಹೇಳಿದರು.

"ದೊರೆಯನ್ನು ಬಿಟ್ಟು ನಾನು ಎಲ್ಲಿಗೂ ಬರುವುದಿಲ್ಲ ಸುಮಾ."

"ನಾನು ನೋಡಿಕೊಳ್ತೇನೆ ಅತ್ತೆ. ಹಾಲು, ಮಜ್ಜಿಗೆ ಅನ್ನ ಎಲ್ಲ ಹೊತ್ತಿಗೆ ಸರಿಯಾಗಿ ಕೊಡ್ತೇನೆ."

"ನೀನು ಅವನನ್ನು ನೋಡಿಕೊಳ್ತಿ, ಗೊತ್ತುಂಟು. ಅಲ್ಲಿ ನನ್ನನ್ನು ನೋಡಿಕೊಳ್ಳುವುದು ಯಾರು?"

ಮಗಳು ಅಲ್ಲಿಯೇ ಇದ್ದಾಳಲ್ಲ ಎಂದು ನಾನು ಹೇಳಲಿಲ್ಲ. ಬೂದು ಮತ್ತು ಬಿಳಿ ಬಣ್ಣದ, ಬಲಗಿವಿ ಹರಿದ ಆ ಗಂಡುಬೆಕ್ಕು ರಾತ್ರಿಯಿಡೀ ಅತ್ತೆಯ ನೋಯುವ ಮಂಡಿಗೆ ಮೈ ತಾಗಿಸಿ ಮಲಗುವುದನ್ನು ಆರು ವರ್ಷದಿಂದ ನೋಡುತ್ತಿದ್ದವಳು ನಾನು. ಬಿಸಿನೀರಿನ ಚೀಲ ತಣಿಯುತ್ತದೆ, ದೊರೆ ತಣಿಯುವುದಿಲ್ಲ.

ವಿದ್ಯಾ ಅಲ್ಲಿಂದ ಪತ್ತೆ ಮಾಡಿ ಮೆಸೇಜ್ ಹಾಕಿದಳು. ಒಂದು ಕಂಪೆನಿಯ ವಿಮಾನದಲ್ಲಿ ಸಣ್ಣ ಬೆಕ್ಕು, ನಾಯಿಗಳನ್ನು ಚೀಲದಲ್ಲಿ ಹಾಕಿ ನಮ್ಮ ಕಾಲ ಹತ್ತಿರವೇ ಇಟ್ಟುಕೊಳ್ಳಬಹುದಂತೆ. ಮೂರು ಷರತ್ತು: ಚೀಲ ಸೇರಿ ಏಳು ಕಿಲೋ ಮೀರಬಾರದು, ರೇಬೀಸ್ ಚುಚ್ಚುಮದ್ದಿನ ಪುಸ್ತಕ ಇರಬೇಕು, ಪಶುವೈದ್ಯರ ಸರ್ಟಿಫಿಕೇಟ್ ಇರಬೇಕು. ಓದಿ ಹೇಳಿದೆ. ಅತ್ತೆ, "ಅವನು ಬಂದರೆ ನಾನು ಬರ್ತೇನೆ. ಅವನನ್ನು ಬಾಗಿಲಲ್ಲಿ ತಡೆದರೆ ಅಲ್ಲಿಂದಲೇ ವಾಪಸ್. ಆಮೇಲೆ ಯಾರೂ ನನ್ನ ಕಾಲಿನ ಸುದ್ದಿ ಎತ್ತಬಾರದು" ಎಂದರು. ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಚೀಲ ಬಂದ ದಿನವೇ ಮೊದಲ ತೊಡಕು. ನಮ್ಮ ಕಡೆ ಬೆಕ್ಕನ್ನು ಚೀಲಕ್ಕೆ ಹಾಕುವುದು ಒಂದೇ ಕೆಲಸಕ್ಕೆ. ಬಿಟ್ಟು ಬರಲಿಕ್ಕೆ. ನಾನು ಚಿಕ್ಕವಳಿದ್ದಾಗ ಹಾಲಿನ ಪಾತ್ರೆಗೆ ಬಾಯಿ ಹಾಕಿದ ಬೆಕ್ಕನ್ನು ಅಜ್ಜಿ ಗೋಣಿಚೀಲಕ್ಕೆ ತುಂಬಿಸಿ, ಹೊಳೆ ದಾಟಿಸಿ ಬಿಟ್ಟು ಬನ್ನಿ ಎಂದು ನನ್ನನ್ನೂ ಅಣ್ಣನನ್ನೂ ಕಳಿಸುತ್ತಿದ್ದರು. ದಾರಿ ಕಾಣಬಾರದು, ನೀರು ದಾಟಬೇಕು, ಇವೆರಡು ನಿಯಮ. ಅಣ್ಣ ಇನ್ನೂ ಎಚ್ಚರಿಕೆಗೆ ಎಂದು ದಾರಿಯಲ್ಲಿ ಚೀಲವನ್ನು ಮೂರು ಸುತ್ತು ತಿರುಗಿಸುತ್ತಿದ್ದ. ತಿರುಗಿಸಿ ತಿರುಗಿಸಿ ಒಮ್ಮೆ ಅವನಿಗೇ ತಲೆ ಸುತ್ತಿ ಗದ್ದೆಬದುವಿನಿಂದ ಕೆಸರಿಗೆ ಬಿದ್ದ. ನಾವಿಬ್ಬರೂ ಕೆಸರು ತೊಳೆದುಕೊಂಡು ಮನೆಗೆ ಬಂದಾಗ ಬೆಕ್ಕು ಜಗಲಿಯಲ್ಲಿ ಕೂತು ಮುಖ ತೊಳೆದುಕೊಳ್ಳುತ್ತಿತ್ತು. ಅದರ ಮುಖ ನಮಗಿಂತ ಚೊಕ್ಕವಾಗಿತ್ತು.

ಹಾಗಾಗಿ ನೀಲಿ ಚೀಲ ನೋಡಿದ ಅತ್ತೆಯ ಮುಖ ಕಪ್ಪಿಟ್ಟಿತು. "ಚೀಲಕ್ಕೆ ಹಾಕುವುದಾ? ಅವನು ಎಂತ ಗ್ರಹಿಸ್ಲಿಕ್ಕಿಲ್ಲ! ಈ ಅಜ್ಜಿ ನನ್ನನ್ನು ಬಿಡ್ಲಿಕ್ಕೆ ಹೊರಟಿದ್ದಾಳೆ ಅಂತ."

"ನಾವು ಹಾಕುವುದು ಬೇಡ ಅತ್ತೆ. ಅವನೇ ಹೋಗ್ಲಿ."

ಅತ್ತೆಯ ಹಳೆಯ ನೂಲಿನ ಸೀರೆ ಮಡಚಿ ಚೀಲದೊಳಗೆ ಹಾಸಿ, ಅದರ ಜಿಪ್ಪು ತೆರೆದು, ಅತ್ತೆಯ ಮಂಚದ ಕೆಳಗೆ ಇಟ್ಟೆ. ಮೊದಲ ದಿನ ಮೂಸಿದ. ಎರಡನೆಯ ದಿನ ಮುಂಗಾಲು. ಐದನೆಯ ದಿನ ಮಧ್ಯಾಹ್ನ ಒಳಗೆ ಹೋಗಿ ಮಲಗಿ ಗೊರಕೆ ಹೊಡೆದ. ನನಗೆ ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ದಿನದ ಸುದ್ದಿ ಬರೆದಿಡುವ ಚಟ ಉಂಟು. ಗ್ಯಾಸ್ ಬದಲಿಸಿದ್ದು, ಬಸಳೆ ನೆಟ್ಟದ್ದು, ಹಾಲು ಒಡೆದದ್ದು, ಎಲ್ಲ. ಆ ದಿನದ ಚೌಕದಲ್ಲಿ 'ಗೊರಕೆ' ಎಂದು ಬರೆದೆ. ನನ್ನ ಗಂಡ ಅದನ್ನು ಓದಿ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಎರಡನೆಯ ತೊಡಕು ತೂಕದ್ದು. ನಾಯ್ಮಾರ್ಮೂಲೆ ಪೇಟೆಯ ಕೊಬ್ಬರಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ದೊರೆ ಆರು ಕಿಲೋ ನಾನೂರು ಗ್ರಾಂ. ಒಳಗಿನ ಸೀರೆ ಸೇರಿ ಚೀಲ ಒಂದು ಕಿಲೋ ನೂರು. ಅರ್ಧ ಕಿಲೋ ಹೆಚ್ಚು. ಕೈಯಲ್ಲಿ ಮೂರು ವಾರ.

"ಮಜ್ಜಿಗೆ ಅನ್ನ ತಿಂದು ಇಷ್ಟಾದದ್ದಾ ಅಕ್ಕ?" ಎಂದು ಅಂಗಡಿಯವನು ಬೆಕ್ಕನ್ನೂ ನನ್ನನ್ನೂ ನೋಡಿದ.

ಇಲ್ಲಿ ಒಂದು ಗುಟ್ಟು ಹೇಳಬೇಕು. ನಮ್ಮದು ಬೆಳ್ಳುಳ್ಳಿಯನ್ನೂ ಯೋಚಿಸಿ ಒಳಗೆ ತರುವ ಅಡುಗೆಮನೆ. ದೊರೆ ಈ ಮನೆಗೆ ಬಂದ ಮೇಲೆ ಮೀನು ಮೂಸಿಯೂ ನೋಡಿಲ್ಲ ಎಂಬುದು ಅತ್ತೆಯ ದೊಡ್ಡ ಹೆಮ್ಮೆ. ಬಂದವರಿಗೆಲ್ಲ ಹೇಳುತ್ತಿದ್ದರು: "ಸಂಸ್ಕಾರ ಮಾರಾಯ್ತಿ, ಮನೆಯ ಸಂಸ್ಕಾರ." ಆದರೆ ಕಂಪೌಂಡಿನ ಆಚೆ ನಬೀಸಾಳ ಮನೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ನನ್ನನ್ನು ಚೇಚಿ ಎಂದೇ ಕರೆಯುವವಳು. ಅವಳು ಹಿತ್ತಿಲಲ್ಲಿ ಮೀನು ಕೊಯ್ಯಲು ಕೂತರೆ ಎದುರಿಗೆ ಕೂತು ಕಾಯುವವನು ಯಾರು? ನಮ್ಮ ಸಂಸ್ಕಾರವಂತ. ಅಲ್ಲಿ ಅವನ ಹೆಸರು ಸುಲ್ತಾನ್. ತಿಂದು ಮುಗಿಸಿ ಕಂಪೌಂಡಿನ ಮೇಲೆ ಕೂತು, ಬಾಯಿ, ಮೀಸೆ, ಕೈ ಎಲ್ಲ ನೆಕ್ಕಿ ಚೊಕ್ಕ ಮಾಡಿಕೊಂಡು, ಈಚೆಗೆ ಹಾರುವಾಗ ಮತ್ತೆ ದೊರೆಯಾಗುತ್ತಿದ್ದ. ನಾನು ಇದನ್ನು ಕಂಡು ಆರು ವರ್ಷವಾಗಿತ್ತು. ಬಾಯಿ ಬಿಟ್ಟಿರಲಿಲ್ಲ. ಒಮ್ಮೆ ಅತ್ತೆ, "ಇವನ ಬಾಯಿ ಎಂತ ಒಂದು ನಮೂನೆ ವಾಸನೆ?" ಎಂದಾಗ, ಹುಳುಕು ಹಲ್ಲಿರಬೇಕು ಎಂದಿದ್ದೆ. ಬೆಕ್ಕಿಗೆ ಹುಳುಕು ಹಲ್ಲು! ಎಂಥ ಬುದ್ಧಿವಂತೆ ನಾನು ಎಂದು ಅಂದು ನನಗೇ ಅನಿಸಿತ್ತು.

ಮನೆಯಲ್ಲಿ ಅವನ ಅನ್ನ ಅರ್ಧ ಮಾಡಿದೆವು. ವಾರ ಕಳೆದು ತೂಗಿದರೆ ಆರು ಕಿಲೋ ಐನೂರು. ನಾನು ಚೀಲ ಹೊತ್ತುಕೊಂಡು ನೇರ ನಬೀಸಾಳ ಹಿತ್ತಿಲಿಗೆ ಹೋದೆ.

"ನಬೀಸಾ, ಮೀನು ಕೊಡ್ಬೇಡ ಅಂತ ಹೇಳಿದ್ದೆನಲ್ಲ?"

"ಮೀನು ಎಲ್ಲಿ ಚೇಚಿ? ತಲೆ ಮಾತ್ರ ಕೊಟ್ಟದ್ದು."

"ಎಷ್ಟು ತಲೆ?"

ಅವಳು ಬೇಲಿ ನೋಡಿದಳು. "ಎಣಿಸ್ಲಿಲ್ಲ."

"ಅವನು ತೂಕ ಇಳಿಸದಿದ್ದರೆ ಅತ್ತೆ ಹೋಗುವುದಿಲ್ಲ ಮಾರಾಯ್ತಿ. ಅತ್ತೆ ಹೋಗದಿದ್ದರೆ ಅವರ ಕಾಲು ಹೋಯ್ತು."

"ಪಡಚ್ಚೋನೇ, ನನ್ನ ದೇವರೇ! ನಿಮ್ಮ ಮನೆಯಲ್ಲಿ ಅನ್ನ ಅರ್ಧ ಆದ ಮೇಲೆ ಅವನು ಇಲ್ಲಿ ಬಂದು ಅಳುವುದು ನೀವು ನೋಡ್ಬೇಕು. ನನ್ನ ಮಕ್ಕಳು ಹಾಗೆ ಅತ್ತದ್ದಿಲ್ಲ." ಹೇಳುವಾಗ ಅವಳ ಕಣ್ಣೂ ತುಂಬಿತ್ತು. "ಆಯ್ತು. ಇನ್ನು ಅಮ್ಮನ ಕಾಲು ನೆನೆಸಿಕೊಂಡು ಬಾಗಿಲು ಹಾಕ್ತೇನೆ."

ಅವಳನ್ನು ಬೈದು ಬಂದವಳ ಮಾನ ಎರಡು ದಿನವೂ ಉಳಿಯಲಿಲ್ಲ. ಅತ್ತೆ ಅವನ ಅನ್ನದ ಅಡಿಯಲ್ಲಿ ತುಪ್ಪ ಅಡಗಿಸಿ ಕೊಡುತ್ತಿದ್ದದ್ದು ನನಗೆ ಸಿಕ್ಕಿಬಿತ್ತು. ನಾನು ಹಾಲಿನ ಕೆನೆ ಬೆರಳಲ್ಲಿ ನೆಕ್ಕಿಸುತ್ತಿದ್ದದ್ದು ಅತ್ತೆಗೆ ಸಿಕ್ಕಿಬಿತ್ತು. ಮೂರು ಹೆಂಗಸರು ಸೇರಿ ಒಂದು ಬೆಕ್ಕನ್ನು ಉಪವಾಸ ಕೆಡವಲಾರದೆ ಹೋದೆವು. ಕೊನೆಗೆ ದಾರಿ ತೋರಿಸಿದ್ದು ಮೃಗಾಸ್ಪತ್ರೆಯ ಡಾಕ್ಟರು. ತಿಂಡಿ ಕಡಿಮೆ ಮಾಡುವುದಷ್ಟೇ ಸಾಲದು, ಓಡಿಸಿ ಎಂದರು. ಅತ್ತೆ ಜಗಲಿಯಲ್ಲಿ ಕೂತು, ತೆಂಗಿನ ಗರಿಯ ತುದಿಗೆ ದಾರ ಕಟ್ಟಿ, ಬೆಳಿಗ್ಗೆ ಸಂಜೆ ಅವನನ್ನು ಅಂಗಳ ತುಂಬ ಕುಣಿಸಿದರು. ಪೇಟೆಗೆ ಹೋದಾಗಲೆಲ್ಲ ಆಟೋ ಸ್ಟ್ಯಾಂಡಿನವರು, "ಎಷ್ಟಾಯ್ತು ಅಕ್ಕ ಇವತ್ತು?" ಎಂದು ಕೇಳುವುದು ರೂಢಿಯಾಯಿತು. ಹೊರಡುವ ಹಿಂದಿನ ದಿನ ತಕ್ಕಡಿಯ ಮುಳ್ಳು ಐದು ಕಿಲೋ ಎಂಟುನೂರರಲ್ಲಿ ನಿಂತಾಗ ಕೊಬ್ಬರಿ ಅಂಗಡಿಯ ಎದುರು ಸಣ್ಣದೊಂದು ಚಪ್ಪಾಳೆಯೇ ಆಯಿತು.

ಅದೇ ದಿನ ಡಾಕ್ಟರ ಸರ್ಟಿಫಿಕೇಟ್ ಮಾಡಿಸಿದ್ದು. ಅತ್ತೆಯನ್ನು ಕುರ್ಚಿಯಲ್ಲಿ ಇಳಿಸಿ ಆಟೋದಲ್ಲಿ ಕೂರಿಸಿ ಕರೆದುಕೊಂಡು ಹೋಗಿದ್ದೆವು. ಮಾಲೀಕರು ಅವರೇ ತಾನೇ. ಡಾಕ್ಟರು ಬೆಕ್ಕಿನ ಹೆಸರು ಕೇಳಿದರು, ಬಣ್ಣ ಬರೆದರು, ಎದೆ ಪರೀಕ್ಷಿಸಿದರು. ಆಹಾರ ಏನು ಎಂದು ಕೇಳಿದಾಗ ಅತ್ತೆ ಬೆನ್ನು ನೆಟ್ಟಗೆ ಮಾಡಿ, "ಮಜ್ಜಿಗೆ ಅನ್ನ. ಶುದ್ಧ ಸಸ್ಯಾಹಾರಿ. ಮೀನು ಮುಟ್ಟುವುದಿಲ್ಲ. ಅದನ್ನೂ ಬರೀರಿ ಡಾಕ್ಟ್ರೇ" ಎಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಹಸುವಿನ ಚಿತ್ರ ನೋಡಿದೆ. ಅವರು ನಗು ನುಂಗಿಕೊಂಡು ಬರೆದರು. ಚುಚ್ಚುಮದ್ದಿನ ಪುಸ್ತಕ ತೋರಿಸಿದೆ. ತಾರೀಕು ನೋಡಿ ಸರಿ ಎಂದರು. ಆ ಪುಸ್ತಕ ಅದುವರೆಗೆ ನಬೀಸಾಳ ಹತ್ತಿರ ಇದ್ದದ್ದು. ನಾವೆಲ್ಲ ಪುತ್ತೂರಿಗೆ ಮದುವೆಗೆ ಹೋಗಿದ್ದ ವರ್ಷ ಪಂಚಾಯತಿನ ಚುಚ್ಚುಮದ್ದಿನ ಶಿಬಿರಕ್ಕೆ ಅವನನ್ನು ಅವಳೇ ಎತ್ತಿಕೊಂಡು ಹೋಗಿದ್ದಳು. ಅವಳ ಕೈಯಲ್ಲಾದರೆ ಪರಚುವುದಿಲ್ಲ ಎಂದು ಆಮೇಲೆಯೂ ಪ್ರತಿ ವರ್ಷ ಅವಳೇ ಹಾಕಿಸುತ್ತಿದ್ದಳು. ನಾನೂ ತಾರೀಕು ಮಾತ್ರ ನೋಡಿದೆ. ಹಾಲು ಒಡೆದದ್ದನ್ನೂ ಬರೆದಿಡುವ ನಾನು ಆ ಪುಸ್ತಕದ ಮೊದಲ ಪುಟ ತೆರೆದು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಟ್ಯಾಕ್ಸಿ ಮಾಡಿ ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋದೆವು. ಅತ್ತೆಗೆ ಗಾಲಿಕುರ್ಚಿ, ಅತ್ತೆಯ ಮಡಿಲಲ್ಲಿ ಚೀಲ, ಚೀಲದಲ್ಲಿ ದೊರೆ, ಹಿಂದೆ ನಾನು. ಕೌಂಟರಿನಲ್ಲಿ ಚೀಲವನ್ನು ತೂಕಕ್ಕೆ ಇಟ್ಟಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಆರು ಕಿಲೋ ಒಂಬೈನೂರು. ಗೆದ್ದೆವು ಎಂದುಕೊಂಡು ಕಣ್ಣು ಬಿಟ್ಟರೆ, ಕನ್ನಡಕ ಹಾಕಿದ ಅಧಿಕಾರಿಯೊಬ್ಬರು ನಮ್ಮ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಒಳ್ಳೆಯ ಮನುಷ್ಯ, ಮಾತು ಮೃದು. ಅಂಥವರು 'ಇಲ್ಲ' ಎಂದರೆ ಮತ್ತೆ ಅದು ಬದಲಾಗುವುದಿಲ್ಲ.

"ಮೇಡಂ, ಸರ್ಟಿಫಿಕೇಟಿನಲ್ಲಿ ಬೆಕ್ಕಿನ ಹೆಸರು ದೊರೆ. ಚುಚ್ಚುಮದ್ದಿನ ಪುಸ್ತಕದಲ್ಲಿ ಸುಲ್ತಾನ್. ಮಾಲೀಕರ ಹೆಸರೂ ಬೇರೆ, ಮನೆಯೂ ಬೇರೆ."

ನಾನು ಆ ಮೊದಲ ಪುಟವನ್ನು ಈಗ ಬಗ್ಗಿ ನೋಡಿದೆ. "ಒಂದೇ ಬೆಕ್ಕು ಸಾರ್. ಪಕ್ಕದ ಮನೆಯಲ್ಲಿ ಹಾಗೆ ಕರೀತಾರೆ."

"ಇರಬಹುದು. ಆದರೆ ಬೇರೆ ಬೆಕ್ಕಿನ ಪುಸ್ತಕ ತಂದಿದ್ದೀರಿ ಅಂತ ಯಾರಾದರೂ ಹೇಳಿದರೆ ನಾನು ಏನು ಉತ್ತರ ಕೊಡಲಿ? ಬೂದು ಬಿಳಿ ಬೆಕ್ಕು ಊರು ತುಂಬ ಇವೆ." ಅವರು ಗಡಿಯಾರ ನೋಡಿದರು. "ಕೌಂಟರ್ ಮುಚ್ಚಲಿಕ್ಕೆ ಇನ್ನು ಅರ್ಧ ಗಂಟೆ ಉಂಟು. ಅಷ್ಟರಲ್ಲಿ ಏನಾದರೂ ದಾಖಲೆ ತೋರಿಸಿ. ಇಲ್ಲದಿದ್ದರೆ ನೀವಿಬ್ಬರೂ ಹೋಗಬಹುದು, ಬೆಕ್ಕು ಇಲ್ಲ."

ಅತ್ತೆ ಚೀಲವನ್ನು ಎರಡು ಕೈಯಲ್ಲಿ ತಬ್ಬಿಕೊಂಡು, "ಸುಮಾ, ಗಾಡಿ ತಿರುಗಿಸು" ಎಂದರು.

"ಒಂದು ನಿಮಿಷ ಅತ್ತೆ."

"ಮಾತು ಮಾತೇ. ತಿರುಗಿಸು."

ನಾನು ತಿರುಗಿಸಲಿಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅತ್ತೆಯ ಮಾತನ್ನು ಎದುರೆದುರೇ ಮೀರಿದ್ದು ಅದೇ ಮೊದಲು. ಗಾಲಿಕುರ್ಚಿಗೆ ಬ್ರೇಕು ಹಾಕಿ ನಬೀಸಾಳಿಗೆ ಫೋನ್ ಮಾಡಿದೆ, ಸ್ಪೀಕರಿನಲ್ಲಿ ಇಟ್ಟೆ, ವಿಷಯ ಹೇಳಿದೆ.

"ಸಾರ್, ಅದು ನಮ್ಮ ಸುಲ್ತಾನೇ ಸಾರ್!" ನಬೀಸಾ ಕೂಗಿದ್ದಕ್ಕೆ ಪಕ್ಕದ ಸಾಲಿನವರೂ ತಿರುಗಿದರು. "ಹೆಸರು ಕೊಟ್ಟದ್ದು ನಾನು, ಬೆಕ್ಕು ಅಮ್ಮನದ್ದು!"

"ಫೋನಿನಲ್ಲಿ ಯಾರು ಬೇಕಾದರೂ ಹೇಳಬಹುದಮ್ಮಾ," ಎಂದರು ಅಧಿಕಾರಿ.

"ಹಾಗಾದರೆ ಅವನನ್ನೇ ಕೇಳಿ! ಚೇಚೀ, ಫೋನ್ ಅವನ ಹತ್ತಿರ ಇಡಿ."

ಇಟ್ಟೆ. ಮನೆ ಬಿಟ್ಟಾಗಿನಿಂದ ಸೀರೆಯೊಳಗೆ ಮುದುಡಿ, ಸತ್ತ ಹಾಗೆ ಬಿದ್ದುಕೊಂಡಿದ್ದ ಅವನು. ಫೋನಿನಿಂದ ನಬೀಸಾಳ ಹಿತ್ತಿಲಿನ ದನಿ ಬಂತು, ಉದ್ದಕ್ಕೆ, ರಾಗವಾಗಿ: "ಸುಲ್ತಾನೇ... ಬಾ ಮೋನೇ... ಮತ್ತಿ ಉಂಡ್!"

ಮತ್ತಿ ಎಂದರೆ ಬೂತಾಯಿ ಮೀನು. ಅವನು ಎದ್ದ. ಚೀಲದೊಳಗೆ ನೆಟ್ಟಗೆ ನಿಂತು, ಬಲೆಗೆ ಎರಡೂ ಮುಂಗಾಲು ಊರಿ, ಜಗತ್ತಿನ ಅನ್ಯಾಯವೆಲ್ಲ ತನ್ನೊಬ್ಬನ ಮೇಲೆಯೇ ಆದ ಹಾಗೆ ಕೂಗಿದ. ಮೂರು ವಾರದ ಹಸಿವು ಆ ಕೂಗಿನಲ್ಲಿತ್ತು. ಸಾಲಿನಲ್ಲಿದ್ದವರು ನಕ್ಕರು. ಅಧಿಕಾರಿಗೂ ನಗು ಬಂತು, ಆದರೆ ಮರುಕ್ಷಣ ಅವರು ಸರ್ಟಿಫಿಕೇಟಿನ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿ ನೋಡಿ. ದೊರೆ ಶುದ್ಧ ಸಸ್ಯಾಹಾರಿ, ಮೀನು ಮುಟ್ಟುವುದಿಲ್ಲ ಎಂದು ಬರೆದಿದೆ. ಆ ಫೋನಿನವರ ಸುಲ್ತಾನ್ ಮೀನು ತಿನ್ನುತ್ತಾನೆ. ಹಾಗಾದರೆ ಇದು ಎರಡು ಬೆಕ್ಕೇ ಆಯಿತಲ್ಲ?"

ಆರು ವರ್ಷ ಕಾಪಾಡಿದ ಗುಟ್ಟನ್ನು, ಅಷ್ಟು ಜನರ ಎದುರು, ಅತ್ತೆಯ ಮುಖಕ್ಕೆ ಹೇಳುವುದು ಹೇಗೆ? ಅವರ ಹೆಮ್ಮೆ ಮುರಿದರೆ ಬೆಕ್ಕು ಒಳಗೆ ಹೋಗುತ್ತದೆ. ಮುರಿಯದಿದ್ದರೆ ಅವರ ಕಾಲು ಹೋಗುತ್ತದೆ.

"ಬರೆಸಿದ್ದು ನಾನು," ಎಂದರು ಅತ್ತೆ. ಸಣ್ಣ ದನಿಯಲ್ಲಲ್ಲ. ಮನೆಯ ಜಗಲಿಯಿಂದ ರಸ್ತೆಗೆ ಕೇಳುವ ದನಿಯಲ್ಲಿ. "ಸುಳ್ಳು ಬರೆಸಿದ್ದು. ಇವನು ಮೀನು ತಿಂತಾನೆ. ದಿನಾ ತಿಂತಾನೆ. ಅವಳ ಹಿತ್ತಿಲಲ್ಲಿ ತಿಂದು, ನಮ್ಮ ಕಂಪೌಂಡಿನಲ್ಲಿ ಮುಖ ಒರಸಿ ಬರ್ತಾನೆ. ದೊರೆಯೂ ಇವನೇ, ಸುಲ್ತಾನನೂ ಇವನೇ."

ನಾನು ಅತ್ತೆಯ ಕಡೆ ತಿರುಗಿದೆ. "ಅತ್ತೆ, ನಿಮಗೆ ಗೊತ್ತಿತ್ತಾ?"

"ನನ್ನ ಕಾಲು ಹೋದದ್ದು ಸುಮಾ, ಮೂಗು ಹೋಗ್ಲಿಲ್ಲ. ಹುಳುಕು ಹಲ್ಲಂತೆ!"

ಫೋನಿನ ಆ ಕಡೆಯಿಂದ ನಬೀಸಾ, "ಅಮ್ಮಾ... ಸಿಟ್ಟಾ?" ಎಂದಳು ಮೆಲ್ಲಗೆ.

"ಸಿಟ್ಟು ಬಂದಿದ್ದರೆ ಆರು ವರ್ಷದ ಹಿಂದೆ ಬರಬೇಕಿತ್ತು. ಇಡು ಫೋನು. ಸಾಹೇಬರಿಗೆ ಕೆಲಸ ಉಂಟು."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಸರ್ಟಿಫಿಕೇಟಿನ ಮೊಹರಿನಲ್ಲಿದ್ದ ನಂಬರಿಗೆ ತಾವೇ ಫೋನ್ ಹಚ್ಚಿದರು. ಡಾಕ್ಟರು ಎತ್ತಿದ್ದು ನಮ್ಮ ಪುಣ್ಯ. ಬಲಗಿವಿಯ ಹರಿದ ಗುರುತು ತಮ್ಮ ರಿಜಿಸ್ಟರಿನಲ್ಲೂ ಉಂಟು, ಆಸ್ಪತ್ರೆಯಲ್ಲೇ ಇರುವ ಶಿಬಿರದ ದಾಖಲೆಯಲ್ಲೂ ಉಂಟು, ಎರಡನ್ನೂ ತಾಳೆ ನೋಡಿ ಹೊಸ ಪತ್ರ ಕಳಿಸುತ್ತೇನೆ ಎಂದರು. ಹನ್ನೊಂದು ನಿಮಿಷದಲ್ಲಿ ವಾಟ್ಸಾಪಿನಲ್ಲಿ ಬಂತು, ಸಹಿ ಮೊಹರು ಸಮೇತ. ನಮ್ಮ ಕಡೆ ಜಾಗದ ದಸ್ತಾವೇಜಿನಲ್ಲಿ ಒಬ್ಬರಿಗೆ ಎರಡು ಹೆಸರಿದ್ದರೆ ಹೇಗೆ ಬರೆಯುತ್ತಾರೋ ಹಾಗೆಯೇ ಬರೆದಿದ್ದರು: 'ದೊರೆ ಯಾನೆ ಸುಲ್ತಾನ್'. ಆಹಾರದ ಜಾಗದಲ್ಲಿ ಒಂದೇ ಪದ: 'ಎಲ್ಲ'.

ಅಧಿಕಾರಿ ಚೀಟಿ ಕಟ್ಟಿ, ಚೀಲವನ್ನು ತಾವೇ ಅತ್ತೆಯ ಮಡಿಲಲ್ಲಿ ಇಟ್ಟರು. "ಹೋಗಿ ಬನ್ನಿ ಅಮ್ಮಾ. ದೊರೆಗಳಿಗೆ ನಮಸ್ಕಾರ ಹೇಳಿ."

ತಪಾಸಣೆಯಲ್ಲಿ ಬೆಕ್ಕನ್ನು ಚೀಲದಿಂದ ಹೊರಗೆ ತೆಗೆಯಬೇಕೆಂದರು. ಅಲ್ಲಿದ್ದ ಹುಡುಗಿ ಎರಡು ಹೆಜ್ಜೆ ಹಿಂದೆ ನಿಂತು, "ಕಚ್ಚುತ್ತಾ?" ಎಂದಳು. "ನಿನ್ನ ಹತ್ತಿರ ಮೀನಿಲ್ಲದಿದ್ದರೆ ಕಚ್ಚುವುದಿಲ್ಲ," ಎಂದರು ಅತ್ತೆ. ಆ ಮಾತು ಅವರ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದನ್ನು ಕೇಳಿ ನನಗೆ ಆಕಾಶಕ್ಕೆ ಹಾರಲು ವಿಮಾನವೇ ಬೇಡ ಎನಿಸಿತು.

ವಿಮಾನದಲ್ಲಿ ಚೀಲ ಮುಂದಿನ ಸೀಟಿನ ಕೆಳಗೆ. ಅತ್ತೆಯ ಕಾಲು ಮಡಚಲು ಬರುವುದಿಲ್ಲವಾದ್ದರಿಂದ ಪಾದ ನೇರವಾಗಿ ಚೀಲದ ಬಲೆಗೆ ತಾಗುತ್ತಿತ್ತು. ಒಳಗಿನಿಂದ ಅವನು ಆ ಪಾದಕ್ಕೆ ಬೆನ್ನು ಒತ್ತಿ ಮಲಗಿದ. ಪಕ್ಕದಲ್ಲಿದ್ದ ಪ್ಯಾಂಟು ಕೋಟಿನ ಗೃಹಸ್ಥರಿಗೆ ತಮ್ಮ ಮೊಣಕಾಲಿನ ಹತ್ತಿರ ಬೆಕ್ಕೊಂದು ಪ್ರಯಾಣ ಮಾಡುತ್ತಿದೆ ಎಂದು ತಿಳಿದದ್ದು ವಿಮಾನ ಇಳಿಯಲು ಶುರುವಾಗಿ, ಕೆಳಗಿನಿಂದ ಒಂದು ಉದ್ದದ ದೂರು ಬಂದಾಗ. ಅವರು ಬೆಚ್ಚಿ ಅತ್ತೆಯನ್ನು ನೋಡಿದರು. ಅತ್ತೆ ಗಂಭೀರವಾಗಿ, "ಅವನಿಗೆ ಕಿವಿ ಕಟ್ಟಿದೆ. ನಿಮಗೆ ಕಟ್ಟಲಿಲ್ಲವಾ?" ಎಂದು ಕೇಳಿದರು.

ಆಪರೇಷನ್ ಆಯಿತು. ನಾನು ಮೂರು ವಾರ ಇದ್ದು ಬಂದೆ. ಮೊದಲು ವಾಕರ್, ಆಮೇಲೆ ಕೋಲು, ಆಮೇಲೆ ಕೋಲು ಎಲ್ಲಿಟ್ಟೆ ಎಂದು ಮರೆತು ವಿದ್ಯಾಳಿಂದ ಬೈಸಿಕೊಳ್ಳುವುದು. ಬೈದದ್ದು ಎಷ್ಟು, ಬೈಸಿಕೊಂಡವರು ಎದುರಾಡಿದ್ದು ಎಷ್ಟು ಎಂದು ಇಬ್ಬರೂ ಬೇರೆ ಬೇರೆಯಾಗಿ ನನಗೆ ಫೋನಿನಲ್ಲಿ ಹೇಳುತ್ತಿದ್ದರು. ಮೂರನೆಯ ತಿಂಗಳು ಒಂದು ಬೆಳಿಗ್ಗೆ, ನಾನು ಬಸಳೆ ಹೆಚ್ಚುತ್ತಿದ್ದಾಗ, ಅತ್ತೆಯ ಫೋನು ಬಂತು. ಏದುಸಿರು.

"ಎಂತ ಅತ್ತೆ, ದಮ್ಮು ಕಟ್ಟಿದ ಹಾಗೆ ಮಾತಾಡ್ತೀರಿ?"

"ಎಂತ ಇಲ್ಲ. ಈಗ ಹತ್ತಿ ಬಂದದ್ದಷ್ಟೆ."

"ಎಲ್ಲಿಂದ?"

"ಕೆಳಗಿಂದ. ಲಿಫ್ಟ್ ಹಾಳಾಗಿ ಉಂಟು ಇವತ್ತು."

ಕೈಯಲ್ಲಿದ್ದ ಚೂರಿ ಕೆಳಗಿಟ್ಟೆ. "ವಿದ್ಯಾ ಎಲ್ಲಿ?"

"ಡ್ಯೂಟಿಗೆ ಹೋದಳು. ಅವಳಿಗೆ ಹೇಳ್ಬೇಡ."

"ಮತ್ತೆ ಯಾರ ಜೊತೆಗೆ ಇಳಿದದ್ದು?"

"ಜೊತೆ ಎಂತಕ್ಕೆ? ನನಗೆ ಕಾಲಿಲ್ಲವಾ?"

ಸೆರಗಿನಿಂದ ಕಣ್ಣೊರಸಿಕೊಂಡು, ಅಷ್ಟು ಅವಸರದ್ದು ಏನಿತ್ತು ಕೆಳಗೆ ಎಂದು ಕೇಳಿದೆ. ಆ ಕಡೆ ಹಿನ್ನೆಲೆಯಲ್ಲಿ ಯಾರೋ ಗಬಗಬ ತಿನ್ನುವ ಸದ್ದು ಕೇಳುತ್ತಿತ್ತು.

"ಗೇಟಿನ ಹತ್ತಿರ ಒಬ್ಬಳು ಬುಟ್ಟಿ ತೆಕ್ಕೊಂಡು ಬರ್ತಾಳೆ. ಮೀನು ನಾನು ಮುಟ್ಟಲಿಲ್ಲ, ಅವಳೇ ಚೀಲಕ್ಕೆ ಹಾಕಿದ್ದು." ಅತ್ತೆ ಉಸಿರು ಎಳೆದುಕೊಂಡರು. "ನಾಲ್ಕು ಮಾಳಿಗೆ ಸುಮಾ. ಎಪ್ಪತ್ತೆರಡು ಮೆಟ್ಟಿಲು. ನಡುವೆ ಒಂದೇ ಸಲ ನಿಂತದ್ದು. ಸುಸ್ತಾಗಿ ಅಲ್ಲ, ಮೇಲಿನವರು ಕಷ್ಟಪಟ್ಟು ಇಳೀತಾ ಇದ್ರು, ಅವರಿಗೆ ದಾರಿ ಬಿಡ್ಲಿಕ್ಕೆ."